ವಿದ್ಯಾಸ್ಥಾನಗಳ ಕಟ್ಟಡವೂ ಜೀರ್ಣೋದ್ಧಾರವೂ: ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಕುರಿತು ಒಂದು ವಿಚಾರ

೧

ವಿದ್ಯೆಗೆ ಗುರುಶಿಷ್ಯರಿಬ್ಬರಿದ್ದರೆ ಸಾಕು, ಮಂಟಪ ಮಠಗಳು ಅಮುಖ್ಯವೆಂಬ ಅಭಿಪ್ರಾಯವು ಪಂಡಿತರಲ್ಲಿ ಬಹುಕಾಲದಿಂದ ಬೇರೂರಿರುವುದು. ಇದಕ್ಕೆ ವಿರುದ್ಧವಾಗಿ, ಹಳೆಯ ವಿದ್ಯಾಶಾಲೆಯ ಒಂದು ಕಲ್ಲನ್ನು ಕದಲಿಸಿದರೂ ವಿದ್ಯಾಪರಂಪರೆಯೇ ಕಡಿದುಹೋಗುವುದೆಂದು ಶೋಕಿಸುವವರೂ ಈಚಿನ ದಿನಗಳಲ್ಲಿ ಹೆಚ್ಚಾಗಿರುವರು. ವಿಶ್ವವಿದ್ಯಾನಿಲಯಗಳ ಆವರಣಗಳಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕಟ್ಟುವ ಯೋಜನೆಗಳು ತಲೆಯೆತ್ತಿದಾಗಲೆಲ್ಲ ಈ ಎರಡು ಪಕ್ಷಗಳೂ ಎದುರುಬದುರಾಗಿ ನಿಲ್ಲುವುವು. ಮೊದಲನೆಯ ಪಕ್ಷದವರ ಮಾತನ್ನು ಒಪ್ಪಿದರೆ ಯಾವ ಕಟ್ಟಡವನ್ನಾದರೂ ಕೆಡಹಬಹುದು. ಎರಡನೆಯ ಪಕ್ಷದವರ ಮಾತನ್ನು ಒಪ್ಪಿದರೆ ಯಾವುದನ್ನೂ ಮುಟ್ಟುವಂತಿಲ್ಲ. ಈ ವಿವಾದವನ್ನು ಭಾವಾವೇಶದಿಂದ ನಿರ್ಣಯಿಸದೆ, ಶಾಸನಗಳನ್ನೂ ಉಳಿದಿರುವ ಕಟ್ಟಡಗಳನ್ನೂ ಮುಂದಿಟ್ಟುಕೊಂಡು ಪರಿಶೀಲಿಸುವುದು ಯುಕ್ತವಾದುದು.

ಈ ಪರಿಶೀಲನೆಗೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಅನುಕೂಲವಾದ ಕ್ಷೇತ್ರ. ಹಿಂದೆ ಕಡೂರು ಜಿಲ್ಲೆಯೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿದ್ದ ಪ್ರಾಂತವು ೧೯೪೭ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂಬ ಹೆಸರನ್ನು ಪಡೆಯಿತು. ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರವು ಈಚೆಗೆ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಪೂರ್ವದಲ್ಲಿ ಬಯಲು, ಪಶ್ಚಿಮದಲ್ಲಿ ಮಲೆ, ನಡುವೆ ಕೆರೆಗಳ ಸಾಲು—ಹೀಗೆ ಎರಡು ನಾಡುಗಳ ಸಂಧಿಯಲ್ಲಿರುವ ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ ೧೯೦೧ರಲ್ಲಿ ಪ್ರಕಟಿಸಿದರು. ಆ ಸಂಪುಟದಲ್ಲಿ ಸೇರಿರುವ ಅಮೃತಪುರದ ದೇವಾಲಯವು ಕ್ರಿ. ಶ. ೧೧೯೬ರದು, ಅಲ್ಲಿಂದ ಕೆಲವೇ ಹರದಾರಿಗಳ ದೂರದಲ್ಲಿ, ಭದ್ರಾನದಿಯ ದಂಡೆಯ ಬಳಿ ಶಂಕರಘಟ್ಟದಲ್ಲಿ ನಿಂತಿರುವ ಕುವೆಂಪು ವಿಶ್ವವಿದ್ಯಾನಿಲಯವು ೧೯೮೭ರದು. ಸುಮಾರು ಎಂಟುನೂರು ವರ್ಷಗಳ ಅಂತರವುಳ್ಳ ಈ ಎರಡು ಸ್ಥಾನಗಳನ್ನು ಒಟ್ಟಿಗೆ ನೋಡಿದರೆ, ವಿದ್ಯೆಗೂ ಅದರ ಮನೆಗೂ ಇರುವ ಸಂಬಂಧವು ಸ್ವಲ್ಪಮಟ್ಟಿಗೆ ಸ್ಪಷ್ಟವಾಗುವುದು.

೨

ಮೊದಲು ಪ್ರಾಚೀನ ವಿದ್ಯಾಸ್ಥಾನಗಳ ಕಟ್ಟಡಗಳು ಎಂತಹವಾಗಿದ್ದುವೆಂಬುದನ್ನು ನಿಶ್ಚಯಿಸಬೇಕು. ಇದಕ್ಕೆ ಕನ್ನಡನಾಡಿನ ಇತರ ಭಾಗಗಳ ಶಾಸನಗಳ ನೆರವು ಅವಶ್ಯಕ.

ವಿಜಯಪುರದ ಕಡೆಯ ಸಾಲೋಟಗಿಯ ಕಂಬದ ಶಾಸನವು ಕ್ರಿ. ಶ. ೯೪೫ಕ್ಕೆ ಸೇರಿದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ ಅದರಿಂದ ತಿಳಿಯುವುದು. ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು, ದೀಪಕ್ಕೆ ೧೨ ನಿವರ್ತನ ಭೂಮಿ, ಉಪಾಧ್ಯಾಯನ ಜೀವನಕ್ಕೆ ೫೦ ನಿವರ್ತನ ಭೂಮಿ ಎಂದು ಪ್ರತ್ಯೇಕ ಪ್ರತ್ಯೇಕವಾಗಿ ಏರ್ಪಾಡಾಗಿತ್ತು. ಇದಲ್ಲದೆ ಊರಿನವರು ವಿವಾಹಕ್ಕೆ ೫ ನಾಣ್ಯಗಳನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಅದರರ್ಧವನ್ನೂ ಶಾಲೆಗೆ ಸಲ್ಲಿಸಬೇಕಾಗಿತ್ತು. ಊರಿನ ಪ್ರತಿಯೊಂದು ಮನೆಯ ಶುಭಕಾರ್ಯವೂ ಶಾಲೆಯೊಡನೆ ಹೀಗೆ ಹೆಣೆದುಕೊಂಡಿದ್ದಿತು.

ಕಲಬುರ್ಗಿಯ ಕಡೆಯ ನಾಗಾವಿಯ ಘಟಿಕಾಸ್ಥಾನವು ಕ್ರಿ. ಶ. ೧೦೫೮ರಲ್ಲಿ ಚಾಳುಕ್ಯ ದಂಡನಾಯಕನಾದ ಮಧುಸೂದನನ ಔದಾರ್ಯದಿಂದ ಬೆಳಗಿದುದು. ಅಲ್ಲಿ ವೇದವನ್ನು ಓದುವವರು ೨೦೦ ಮಂದಿ, ಶಾಸ್ತ್ರವನ್ನು ಓದುವವರು ಸುಮಾರು ೫೦ ಮಂದಿ. ಪುಸ್ತಕಗಳನ್ನು ಕಾಪಾಡುವುದಕ್ಕೆ ಸರಸ್ವತೀಭಂಡಾರಿಗರೆಂಬ ೬ ಮಂದಿ. ಶಿವಮೊಗ್ಗೆಯ ಸೀಮೆಯ ತಾಳಗುಂದದಲ್ಲಿ ಕ್ರಿ. ಶ. ೧೧೫೮ರ ಶಾಸನವು ವೇದ ಶಾಸ್ತ್ರಗಳ ಬೋಧನೆಯೊಡನೆ ಕನ್ನಡದ ಅಕ್ಷರಶಿಕ್ಷೆಗೂ ವೃತ್ತಿಯನ್ನು ಹೇಳುವುದು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವು ವ್ಯಾಕರಣಗಳು, ದರ್ಶನಗಳು, ಪುರಾಣಗಳು ಇವುಗಳ ವ್ಯಾಖ್ಯಾನಸ್ಥಾನವೆಂದು ಅದನ್ನು ಹೊಗಳಿ, ದೀನರಿಗೂ ರೋಗಿಗಳಿಗೂ ಅನ್ನವೌಷಧಗಳು ದೊರೆಯುವ ಸ್ಥಳವೆಂದೂ ಹೇಳುವುದು.

ಈ ನಾಲ್ಕು ಶಾಸನಗಳನ್ನು ಒಟ್ಟಿಗೆ ನೋಡಿದಾಗ ಒಂದಂಶವು ಎದ್ದುಕಾಣುವುದು. ಅವು ಮುಖ್ಯವಾಗಿ ಲೆಕ್ಕಮಾಡುವುದು ಜನರನ್ನು, ಅನ್ನವನ್ನು, ಎಣ್ಣೆಯನ್ನು, ಭೂಮಿಯನ್ನು, ಶಾಲೆಯ ಉದ್ದಗಲಗಳನ್ನಲ್ಲ. ಕಟ್ಟಡವು ಇದ್ದಿತು, ಅದಕ್ಕೆ ಗೌರವವೂ ಇದ್ದಿತು. ಆದರೆ ಶಾಲೆಯನ್ನು ಶಾಲೆಯೆನ್ನಿಸುತ್ತಿದ್ದುದು ಅದರೊಳಗೆ ನಡೆಯಬೇಕಾದ ಕೆಲಸದ ಪಟ್ಟಿ, ಮತ್ತು ಆ ಕೆಲಸವು ನಿಲ್ಲದಂತೆ ಬಿಟ್ಟುಕೊಟ್ಟ ವೃತ್ತಿ. ಆಧುನಿಕ ವಿಶ್ವವಿದ್ಯಾನಿಲಯವೊಂದನ್ನು ವರ್ಣಿಸುವಾಗ ಮೊದಲು ಎಕರೆಗಳನ್ನೂ ಚದರಡಿಗಳನ್ನೂ ಹೇಳುವ ಪದ್ಧತಿಗೂ ಇದಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬಹುದು.

ಇನ್ನೊಂದು ವಿಷಯ. ಸಾಲೋಟಗಿಯ ೨೭ ಮನೆಗಳಲ್ಲಿ ಇಂದು ಒಂದೂ ಉಳಿದಿಲ್ಲ. ಉಳಿದಿರುವುದು ಶಾಸನದ ಕಂಬ. ಅಗ್ರಹಾರಗಳಲ್ಲಿ ಪಾಠಗಳು ಹೆಚ್ಚಾಗಿ ನಡೆಯುತ್ತಿದ್ದುದು ಅಧ್ಯಾಪಕರ ಮನೆಯ ಜಗಲಿಗಳಲ್ಲಿ. ಆ ಮನೆಗಳೆಲ್ಲ ಮಣ್ಣಿನ ಗೋಡೆ, ಮರದ ಕಂಬ, ಹುಲ್ಲು ಅಥವಾ ಹೆಂಚಿನ ಮಾಡುಗಳಿಂದ ಆದುವು. ಮಲೆನಾಡಿನ ಅಂಚಿನ ಮಳೆಗೆ ಅಂತಹ ಮನೆಯನ್ನು ಆಗಾಗ ಹೊದಿಸದಿದ್ದರೆ ಅದು ಉಳಿಯದು. ಆದುದರಿಂದ ಪ್ರಾಚೀನ ವಿದ್ಯಾಸ್ಥಾನದ ಬಹುಭಾಗವು ಸ್ವಭಾವತಃ ಮತ್ತೆ ಮತ್ತೆ ಕಟ್ಟಲ್ಪಡುವುದಾಗಿತ್ತು. ಕಲ್ಲಿನ ದೇವಾಲಯವೊಂದೇ ಸ್ಥಿರ. ಇಂದು ಕಲ್ಲೊಂದೇ ಕಾಣುವುದರಿಂದ, ಪೂರ್ವದವರು ಎಲ್ಲವನ್ನೂ ಶಾಶ್ವತವಾಗಿ ಕಟ್ಟಿ ಎಂದೂ ಬದಲಿಸದೆ ಇದ್ದರೆಂದು ಭಾವಿಸುವುದು ಉಳಿದ ಪ್ರಮಾಣವನ್ನು ಕಂಡು ಅಳಿದುದನ್ನು ಮರೆಯುವ ದೋಷವಾಗುವುದು.

೩

ಈಗ ಅಮೃತಪುರಕ್ಕೆ ಬರಬಹುದು. ತರೀಕೆರೆಯ ಸಮೀಪದ ಈ ಗ್ರಾಮದ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ. ಶ. ೧೧೯೬ರಲ್ಲಿ ಕಟ್ಟಿಸಿದನು. ಗರ್ಭಗೃಹವು ಒಂದೇ, ಅದರ ಮುಂದೆ ಒಂಬತ್ತು ಅಂಕಣಗಳ ಮುಚ್ಚಿದ ಮಂಟಪ, ಅದರ ಮುಂದೆ ಇಪ್ಪತ್ತೊಂಬತ್ತು ಅಂಕಣಗಳ ವಿಶಾಲವಾದ ತೆರೆದ ಮಂಟಪ. ತಿರುಗಣೆಗೆ ಹಿಡಿದಂತೆ ನುಣುಪಾದ ಕಂಬಗಳ ಮೇಲೆ ಒಂದೊಂದು ಅಂಕಣಕ್ಕೂ ಬೇರೆ ಬೇರೆ ಕೆಲಸದ ಭುವನೇಶ್ವರಿಗಳು. ಮುಂದೆ ಹೊಯ್ಸಳ ಶಿಲ್ಪಿಗಳಲ್ಲಿ ಬಹು ಪ್ರಸಿದ್ಧನಾದ ರೂವಾರಿ ಮಲ್ಲಿತಮ್ಮನು ತನ್ನ ಕೆಲಸವನ್ನು ಆರಂಭಿಸಿದುದು ಇಲ್ಲಿಯ ಒಳಮಾಡುಗಳಲ್ಲಿ ಎಂದು ವಿದ್ವಾಂಸರು ಹೇಳುವರು. ದೇವಾಲಯದ ಸುತ್ತಲಿನ ಪ್ರಾಕಾರದ ಗೋಡೆಯ ಮೇಲೆ ಸಮಾನವಾದ ಅಂತರದಲ್ಲಿ ಚಕ್ರಾಕಾರದ ಕೆತ್ತನೆಗಳು ಇಂದಿಗೂ ಉಂಟು.

ತೆರೆದ ಮಂಟಪದ ಹೊರಮೈಯಲ್ಲಿ ೧೪೦ ಫಲಕಗಳು. ದಕ್ಷಿಣದಲ್ಲಿ ರಾಮಾಯಣದ ಕಥೆ ೭೦ ಫಲಕಗಳಲ್ಲಿ, ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣಕ್ರಮದಲ್ಲಿ ಸಾಗುವುದು; ಉತ್ತರದಲ್ಲಿ ಕೃಷ್ಣಚರಿತ್ರೆ ೨೫ ಫಲಕಗಳಲ್ಲಿ, ಭಾರತದ ಕಥೆ ೪೫ ಫಲಕಗಳಲ್ಲಿ ನಿರೂಪಿತವಾಗಿವೆ. ಆವರಣದಲ್ಲಿಯೇ ಶಾರದೆಯ ಸನ್ನಿಧಿಯೂ ಇದೆ.

ಸಾಹಿತ್ಯದ ಅಧ್ಯಾಪಕರಿಗೆ ಇವೆಲ್ಲಕ್ಕಿಂತಲೂ ಹೆಚ್ಚು ಮುಖ್ಯವಾದುದು ಅಲ್ಲಿ ನಿಂತಿರುವ ದೊಡ್ಡ ಶಿಲಾಶಾಸನ. ಕ್ರಿ. ಶ. ೧೧೯೭ರ ಈ ಶಾಸನದ ಕರ್ತೃ ಕವಿಚಕ್ರವರ್ತಿ ಜನ್ನ. ಯಶೋಧರಚರಿತೆಯನ್ನು ೧೨೦೯ರಲ್ಲಿಯೂ ಅನಂತನಾಥಪುರಾಣವನ್ನು ೧೨೩೦ರಲ್ಲಿಯೂ ಬರೆದ ಈ ಕವಿಯು ಅದಕ್ಕೆ ಹನ್ನೆರಡು ವರ್ಷಗಳ ಮೊದಲೇ ತರೀಕೆರೆಯ ಸೀಮೆಯ ಕಲ್ಲಿನ ಮೇಲೆ ತನ್ನ ಕೈವಾಡವನ್ನು ತೋರಿಸಿದನು. ಜೈನಕವಿಯೊಬ್ಬನು ಶೈವ ದೇವಾಲಯದ ಶಾಸನವನ್ನು ರಚಿಸಿದುದು ಆ ಕಾಲದ ವಿದ್ವತ್ಸಮಾಜದ ಔದಾರ್ಯವನ್ನು ಸೂಚಿಸುವುದು. ಜನ್ನನ ಮನೆತನವೂ ವಿದ್ಯಾವಂಶವೇ. ತಂದೆಯಾದ ಸುಮನೋಬಾಣನು ಕಟಕೋಪಾಧ್ಯಾಯ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಭಾವಮೈದುನ. ಶಬ್ದಮಣಿದರ್ಪಣಕಾರನಾದ ಕೇಶಿರಾಜನು ಸೋದರಳಿಯ. ಕಟಕೋಪಾಧ್ಯಾಯನೆಂದರೆ ದಂಡಿನ ಪಾಳೆಯದಲ್ಲಿ ಪಾಠ ಹೇಳುವವನು. ಆ ಉಪಾಧ್ಯಾಯನ ಶಾಲೆಗೆ ನಿಂತ ಗೋಡೆಯೇ ಇರಲಿಲ್ಲವೆನ್ನಬೇಕು; ಪಾಳೆಯವು ಎದ್ದಲ್ಲಿ ಶಾಲೆಯೂ ಏಳಬೇಕು. ಆದರೂ ಅವನ ವಂಶದಲ್ಲಿ ಕನ್ನಡದ ವ್ಯಾಕರಣವು ನೆಲೆನಿಂತಿತು.

ಇಷ್ಟರಿಂದ ಅಮೃತಪುರವು ಒಂದು ವಿಶ್ವವಿದ್ಯಾನಿಲಯವಾಗಿತ್ತೆಂದು ಹೇಳಹೊರಡುವುದು ಸಾಹಸ. ಹಳೆಯ ಮಂಟಪಗಳನ್ನು ಕಂಡೊಡನೆ ತಕ್ಷಶಿಲೆ ನಳಂದಗಳ ಹೆಸರನ್ನೆತ್ತುವ ಅಭ್ಯಾಸದಿಂದ ಚರಿತ್ರೆಗೆ ಲಾಭವಿಲ್ಲ. ಆದರೆ ಇಷ್ಟನ್ನು ಹೇಳಬಹುದು. ಒಂಬತ್ತು ಅಂಕಣಗಳ ಒಳಮಂಟಪವು ಕೆಲವರಿಗೆ. ಇಪ್ಪತ್ತೊಂಬತ್ತು ಅಂಕಣಗಳ ಹೊರಮಂಟಪವು ಹಲವರಿಗೆ. ಕುಳಿತುಕೊಳ್ಳುವುದಕ್ಕೆ ತಕ್ಕ ಜಗಲಿಗಳು, ಗಾಳಿಬೆಳಕುಗಳು, ಕಣ್ಣೆದುರಿಗೆ ಇತಿಹಾಸ ಪುರಾಣಗಳ ಚಿತ್ರಪಂಕ್ತಿ, ಓದಬಲ್ಲವರಿಗೆ ಒಂದು ಪ್ರೌಢ ಚಂಪೂಶಾಸನ—ಪುರಾಣಪ್ರವಚನವೂ ಗಮಕವೂ ನಡೆಯುವುದಕ್ಕೆ ಇದಕ್ಕಿಂತ ಯೋಗ್ಯವಾದ ಸ್ಥಳವನ್ನು ಕಲ್ಪಿಸುವುದು ಕಷ್ಟ. ಅಕ್ಷರವನ್ನರಿಯದವನಿಗೂ ಆ ಗೋಡೆಯು ಕಥೆಯನ್ನು ಹೇಳುವುದು. ಕಟ್ಟಡವು ತಾನೇ ಪಾಠವಾಗಬಲ್ಲುದು ಎಂಬುದಕ್ಕೆ ಅಮೃತಪುರವು ಈ ಸೀಮೆಯ ಉತ್ತಮ ನಿದರ್ಶನ. ಮೊದಲನೆಯ ಪಕ್ಷದವರು, ಎಂದರೆ ಕಟ್ಟಡವು ಅಮುಖ್ಯವೆನ್ನುವವರು, ಉತ್ತರಿಸಬೇಕಾದುದು ಈ ನಿದರ್ಶನಕ್ಕೆ.

೪

ದಾನಶಾಸನಗಳಲ್ಲಿ ಪದೇ ಪದೇ ಬರುವ ಒಂದು ಮಾತುಂಟು: ಖಂಡಸ್ಫುಟಿತಜೀರ್ಣೋದ್ಧಾರ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಸವೆದುದು. ದೇವರ ಅಂಗಭೋಗ ರಂಗಭೋಗಗಳಿಗೂ ಋಷಿಗಳ ಮತ್ತು ವಿದ್ಯಾರ್ಥಿಗಳ ಆಹಾರದಾನಕ್ಕೂ ಭೂಮಿಯನ್ನು ಬಿಡುವಾಗಲೇ ಈ ಮೂರು ವಿಧವಾದ ಕೇಡನ್ನು ಸರಿಪಡಿಸುವುದಕ್ಕೂ ಭೂಮಿಯನ್ನು ಬಿಡುತ್ತಿದ್ದರು. ಈ ಮಾತು ಬಹಳ ಸಾಮಾನ್ಯವಾಗಿರುವುದರಿಂದಲೇ ಸಂಶೋಧಕರು ಅದನ್ನು ಓದಿ ಮುಂದೆ ಸಾಗುವರು. ಅದರಲ್ಲಿ ಅಡಗಿರುವ ವಿವೇಕವನ್ನು ನಿಂತು ನೋಡುವುದು ಅಪರೂಪ.

ಕಟ್ಟುವ ದಿನವೇ ಕೆಡುವ ದಿನವನ್ನು ನೆನೆಯುವುದು ಅದರ ಮೊದಲನೆಯ ಅರ್ಥ. ಯಾವ ಕಟ್ಟಡವೂ ಬಿರಿಯದೆ ಇರದು. ಬಿರಿದ ಮೇಲೆ ಹಣವನ್ನು ಹುಡುಕಿದರೆ ಕಾಲ ಮೀರುವುದು. ಎರಡನೆಯದಾಗಿ, ಉದ್ಧಾರವೆಂದರೆ ಮೇಲಕ್ಕೆತ್ತುವುದು, ಕಿತ್ತುಹಾಕುವುದಲ್ಲ. ಹಾಗೆಂದು ಅದು ಇದ್ದುದನ್ನು ಇದ್ದಂತೆಯೇ ಮುಟ್ಟದೆ ಬಿಡುವುದೂ ಅಲ್ಲ. ಮುರಿದ ತೊಲೆಯನ್ನು ತೆಗೆದು ಹೊಸ ತೊಲೆಯನ್ನಿಡಬಹುದು. ಸೋರುವ ಮಾಡನ್ನು ಬಿಚ್ಚಿ ಹೊದಿಸಬಹುದು. ಜನ ಹೆಚ್ಚಿದರೆ ಮುಂದೆ ಮಂಟಪವನ್ನು ಸೇರಿಸಬಹುದು. ಬದಲಾಗಬಾರದುದು ದಾನದ ಉದ್ದೇಶ. ಮೂರನೆಯದಾಗಿ, ದಾನವನ್ನು ಕೊಡುವುದಕ್ಕಿಂತ ಹಿಂದಿನವರು ಕೊಟ್ಟುದನ್ನು ಪಾಲಿಸುವುದೇ ಮೇಲೆಂಬ ಅರ್ಥದ ಶ್ಲೋಕಗಳು ಅಸಂಖ್ಯಾತ ಶಾಸನಗಳ ಕೊನೆಯಲ್ಲಿ ಬರುವುವು. ಹೊಸದನ್ನು ಕಟ್ಟಿದವನಿಗೆ ಹೆಸರು ಬರುವುದು ಸಹಜ. ಹಳೆಯದನ್ನು ಉಳಿಸಿದವನಿಗೆ ಅಷ್ಟು ಹೆಸರು ಬಾರದು. ಈ ಲೋಕಸ್ವಭಾವವನ್ನು ಅರಿತೇ ಪ್ರಾಚೀನರು ಪಾಲನೆಗೆ ಹೆಚ್ಚಿನ ಪುಣ್ಯಫಲವನ್ನು ಹೇಳಿದರೆಂದು ತೋರುವುದು.

ಈ ಮೂರು ಅರ್ಥಗಳನ್ನು ಒರೆಗಲ್ಲಾಗಿಟ್ಟುಕೊಂಡು ಆಧುನಿಕ ಕಾಲದ ವಿದ್ಯಾಸ್ಥಾನಗಳನ್ನು ನೋಡಬಹುದು.

೫

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ನೆಯ ಜುಲೈ ೨೭ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸ್ಥಾಪಿತವಾಯಿತು. ಎಚ್. ವಿ. ನಂಜುಂಡಯ್ಯನವರು ಅದರ ಮೊದಲನೆಯ ಉಪಕುಲಪತಿಗಳು. ಕಡೂರು ಜಿಲ್ಲೆಯಿಂದ ಉಚ್ಚವಿದ್ಯೆಯನ್ನು ಬಯಸಿ ಹೊರಟವರು ಬೀರೂರು, ಕಡೂರುಗಳಲ್ಲಿ ರೈಲನ್ನು ಹತ್ತಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜ ಕಾಲೇಜಿಗೋ ಹೋಗಬೇಕಾಗಿತ್ತು. ಆ ಎರಡು ಕಾಲೇಜುಗಳೂ ವಿಶ್ವವಿದ್ಯಾನಿಲಯಕ್ಕಿಂತ ಹಳೆಯವು. ಎಂದರೆ ಮೈಸೂರಿನ ವಿಶ್ವವಿದ್ಯಾನಿಲಯವು ಹುಟ್ಟಿದುದು ಇದ್ದ ಮನೆಗಳಲ್ಲಿ.

ಸೆಂಟ್ರಲ್ ಕಾಲೇಜಿನ ಚರಿತ್ರೆಯು ವಿಚಾರಾರ್ಹವಾದುದು. ೧೮೫೮ರಲ್ಲಿ ಹೈಸ್ಕೂಲಾಗಿ ಆರಂಭವಾದ ಸಂಸ್ಥೆಗೆ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರಾಯಿತು. ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ, ೧೯೧೬ರಿಂದ ಮೈಸೂರಿಗೆ, ೧೯೬೪ರಿಂದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಅದು ಸೇರಿತು. ಬೆಂಗಳೂರು ವಿಶ್ವವಿದ್ಯಾನಿಲಯವು ೧೯೭೩ರಲ್ಲಿ ನಗರದ ಹೊರಗೆ ಜ್ಞಾನಭಾರತಿಯೆಂಬ ವಿಶಾಲವಾದ ಆವರಣಕ್ಕೆ ಬೆಳೆಯಿತು. ೨೦೧೭ರಲ್ಲಿ ಆ ವಿಶ್ವವಿದ್ಯಾನಿಲಯವು ಮೂರಾಗಿ ವಿಭಾಗವಾದಾಗ ಸೆಂಟ್ರಲ್ ಕಾಲೇಜಿನ ಆವರಣವು ಬೆಂಗಳೂರು ಕೇಂದ್ರ ವಿಶ್ವವಿದ್ಯಾನಿಲಯದ ನೆಲೆಯಾಯಿತು; ಆ ಹೆಸರೂ ಅನಂತರ ಮಾರ್ಪಟ್ಟಿತು. ಹೀಗೆ ನಾಲ್ಕು ವಿಶ್ವವಿದ್ಯಾನಿಲಯಗಳ ಮುದ್ರೆಗಳನ್ನು ಕಂಡರೂ ಗಡಿಯಾರದ ಗೋಪುರದ ಹಳೆಯ ಕಟ್ಟಡವು ಅಲ್ಲಿಯೇ ನಿಂತಿದೆ. ಪ್ರಬುದ್ಧ ಕರ್ನಾಟಕವು ೧೯೧೯ರಲ್ಲಿ ಆ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟಿತೆಂಬುದು ಅನೇಕರಿಗೆ ನೆನಪಿರುವುದು ಆ ಕಟ್ಟಡದಿಂದಲೇ. ಆಡಳಿತವು ಬದಲಾದಾಗ ನೆನಪನ್ನು ಹೊತ್ತು ದಾಟಿಸುವ ಕೆಲಸವನ್ನು ಕಟ್ಟಡವು ಮಾಡುವುದು.

ಮೈಸೂರಿನಲ್ಲಿ ಕಾರ್ಯವು ಬೇರೆಯ ರೀತಿಯಲ್ಲಿ ನಡೆಯಿತು. ೧೯೪೭ರಲ್ಲಿ ಕಟ್ಟಿದ ಕ್ರಾಫರ್ಡ್ ಭವನವು ಸಕಲೇಶಪುರದ ಕಡೆಯ ಕಾಫಿತೋಟದ ದೊರೆಯೊಬ್ಬರ ದಾನದ ಹೆಸರನ್ನು ಹೊತ್ತಿದೆ. ೧೯೫೬ರಿಂದ ೧೯೬೦ರವರೆಗೆ ಉಪಕುಲಪತಿಗಳಾಗಿದ್ದ ಕೆ. ವಿ. ಪುಟ್ಟಪ್ಪನವರು ಸ್ನಾತಕೋತ್ತರ ವಿಭಾಗಗಳಿಗೆ ಕುಕ್ಕರಹಳ್ಳಿ ಕೆರೆಯ ಆಚೆಗೆ ಹೊಸ ನೆಲೆಯನ್ನು ಕಲ್ಪಿಸಿ ಮಾನಸಗಂಗೋತ್ರಿಯೆಂದು ಹೆಸರಿಟ್ಟರು. ಅವರು ಮಹಾರಾಜ ಕಾಲೇಜಿನ ವಿದ್ಯಾರ್ಥಿ, ಅಧ್ಯಾಪಕ, ಪ್ರಿನ್ಸಿಪಾಲ್ ಎಲ್ಲವೂ ಆಗಿದ್ದವರು. ಹಳೆಯ ಮನೆಯನ್ನು ಅಷ್ಟು ಬಲ್ಲವರೇ ಹೊಸ ಮನೆಯನ್ನು ಕಟ್ಟಿಸಿದರೂ ಹಳೆಯದನ್ನು ಕೆಡಹಲಿಲ್ಲವೆಂಬುದು ಇಲ್ಲಿ ಮುಖ್ಯ. ಮಹಾರಾಜ ಕಾಲೇಜು ಕಾಲೇಜಾಗಿಯೇ ಉಳಿಯಿತು. ೧೯೦೫ರಲ್ಲಿ ರಾಜಪುತ್ರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆಯೂ ೧೯೫೯ರಲ್ಲಿ ವಿಶ್ವವಿದ್ಯಾನಿಲಯದ ವಶಕ್ಕೆ ಬಂದು, ಮುಂದೆ ಜಾನಪದ ವಸ್ತುಸಂಗ್ರಹಾಲಯವಾಯಿತು. ಅರಮನೆಯ ಹಜಾರದಲ್ಲಿ ಹಳ್ಳಿಯ ನೇಗಿಲೂ ಯಕ್ಷಗಾನದ ಕಿರೀಟವೂ ಬಂದು ಕುಳಿತುವು. ಕಾಲಕ್ರಮದಲ್ಲಿ ಶಿಥಿಲವಾದ ಆ ಅರಮನೆಯನ್ನು ದಾನಿಗಳ ನೆರವಿನಿಂದ ದುರಸ್ತಿಮಾಡಿಸಿ ಮತ್ತೆ ತೆರೆದರು. ಜೀರ್ಣೋದ್ಧಾರದ ಶಾಸ್ತ್ರೀಯವಾದ ಲಕ್ಷಣವು ಇಲ್ಲಿ ಬಹುಮಟ್ಟಿಗೆ ಸಂಗತವಾಗುವುದು; ಆದರೆ ಉಪಯೋಗವು ಮಾತ್ರ ಬೇರೆಯಾಯಿತು. ಕಟ್ಟಡವು ಉಳಿಯಬೇಕಾದರೆ ಕೆಲವೊಮ್ಮೆ ಅದಕ್ಕೆ ಹೊಸ ಕೆಲಸವನ್ನು ಕೊಡಬೇಕಾಗುವುದೆಂಬುದು ಇದರಿಂದ ಸಿದ್ಧವಾಗುವ ವಿಷಯ.

೬

ಕಡೂರು ಸೀಮೆಯ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾನಿಲಯವು ಹತ್ತಿರಕ್ಕೆ ಬಂದುದು ಭದ್ರಾನದಿಯ ದೆಸೆಯಿಂದ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟನ್ನು ಕಟ್ಟುವ ಕಾರ್ಯವು ೧೯೪೭ರಲ್ಲಿ ಆರಂಭವಾಗಿ ಮುಂದಿನ ಎರಡು ದಶಕಗಳಲ್ಲಿ ಪೂರೈಸಿತು. ೧೯೪ ಅಡಿಗಳಷ್ಟು ಎತ್ತರದ ಆ ಕಟ್ಟೆಯ ಹಿಂದೆ ೭೧.೫ ಟಿ.ಎಂ.ಸಿ. ನೀರು ನಿಲ್ಲುವುದು. ಕೆಲಸದ ಕಾಲದಲ್ಲಿ ಎಂಜಿನಿಯರುಗಳಿಗೂ ಕೂಲಿಗಳಿಗೂ ಮನೆಗಳನ್ನು ಕಟ್ಟಿ ಒಂದು ಊರನ್ನೇ ಎಬ್ಬಿಸಿದರು; ಅದಕ್ಕೆ ಭದ್ರಾ ರಿವರ್ ಪ್ರಾಜೆಕ್ಟ್ ಎಂಬ ಹೆಸರೇ ಊರಿನ ಹೆಸರಾಗಿ, ಜನರ ಬಾಯಿಯಲ್ಲಿ ಬಿ. ಆರ್. ಪ್ರಾಜೆಕ್ಟ್ ಎಂದು ನಿಂತಿತು.

ಅಣೆಕಟ್ಟು ಮುಗಿದ ಮೇಲೆ ಇಂತಹ ಊರುಗಳು ಬರಿದಾಗುವುದು ವಾಡಿಕೆ. ಬಿ. ಆರ್. ಪ್ರಾಜೆಕ್ಟಿಗೆ ಆ ಗತಿಯು ಬರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಅಲ್ಲಿ ನೆಲೆಗೊಂಡಿತು. ಮೈಸೂರಿನ ಕೇಂದ್ರಗಳಿಗೆ ಮಂಗಳಗಂಗೋತ್ರಿ, ಹೇಮಗಂಗೋತ್ರಿ ಎಂದು ಮಾನಸಗಂಗೋತ್ರಿಯ ಸಂತಾನದ ಹೆಸರುಗಳೇ ಬಂದುವು. ಮಂಗಳಗಂಗೋತ್ರಿಯು ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾದಂತೆ, ಭದ್ರೆಯ ದಡದ ಕೇಂದ್ರವು ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಯಿತು. ಪಕ್ಕದ ಶಂಕರಘಟ್ಟದ ಅದರ ಆವರಣಕ್ಕೆ ಜ್ಞಾನಸಹ್ಯಾದ್ರಿ ಎಂದು ಹೆಸರು. ನದಿಯ ಉಗಮದ ಹೆಸರನ್ನು ಬಿಟ್ಟು ನದಿಯನ್ನು ಹೆರುವ ಬೆಟ್ಟದ ಹೆಸರನ್ನು ಹಿ­ಡಿದುದು ಆ ಸ್ಥಳಕ್ಕೆ ಉಚಿತವಾಗಿಯೇ ಇದೆ. ಕಾದಂಬರಿಕಾರ ಶಾಂತಿನಾಥ ದೇಸಾಯಿಯವರು ಅದರ ಮೊದಲನೆಯ ಕುಲಪತಿಗಳು. ವಿಶ್ವವಿದ್ಯಾನಿಲಯಕ್ಕೆ ಯಾರ ಹೆಸರನ್ನಿಟ್ಟರೋ ಆ ಕವಿಯು ಆಗ ಜೀವಿಸಿದ್ದರು. ಅವರು ೧೯೦೪ರ ಡಿಸೆಂಬರ್ ೨೯ರಂದು ಹುಟ್ಟಿದುದು ಅಂದಿನ ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಮಾನಸಗಂಗೋತ್ರಿಯನ್ನು ಕಲ್ಪಿಸಿದವರ ಹೆಸರಿನ ವಿದ್ಯಾಸ್ಥಾನವು ಅವರ ಜನ್ಮಜಿಲ್ಲೆಯ ಹೊಸ್ತಿಲಲ್ಲಿ ನಿಂತಿತು. ಆರಂಭದಲ್ಲಿ ಚಿತ್ರದುರ್ಗ, ದಾವಣಗೆರೆಗಳ ಕಾಲೇಜುಗಳೂ ಅದಕ್ಕೆ ಸೇರಿದ್ದುವು. ೨೦೦೯ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಶಿವಮೊಗ್ಗ ಚಿಕ್ಕಮಗಳೂರು ಜಿಲ್ಲೆಗಳು ಉಳಿದುವು. ಕಡೂರಿನಲ್ಲಿಯೂ ಅದರ ಸ್ನಾತಕೋತ್ತರ ಕೇಂದ್ರವೊಂದು ಏರ್ಪಟ್ಟಿತು.

ಇಲ್ಲಿ ಹೇಳದೆ ಬಿಡಬಾರದ ಸಂಗತಿಯೊಂದುಂಟು. ಯಾವ ನೀರಿನ ನಿಮಿತ್ತವಾಗಿ ಬಿ. ಆರ್. ಪ್ರಾಜೆಕ್ಟು ಹುಟ್ಟಿತೋ ಆ ನೀರು ಮೇಲಿನ ಕಣಿವೆಯ ಹಳ್ಳಿಗಳನ್ನೂ ಗದ್ದೆಗಳನ್ನೂ ಮುಳುಗಿಸಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಹೋಗುತ್ತಿದ್ದ ಕಿರಿಯ ರೈಲಿನ ದಾರಿಯೂ ಇಲ್ಲವಾಯಿತು. ಮುಂದೆ ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ ಜನರನ್ನೂ ೨೦೦೧-೦೨ರ ಸುಮಾರಿನಲ್ಲಿ ಹೊರಕ್ಕೆ ತಂದು, ಹಲವರಿಗೆ ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ನೆಲೆಯನ್ನು ಕೊಟ್ಟರು. ಆ ಮನೆಗಳ ದೇವರಮೂಲೆಗಳು, ಜಗಲಿಗಳು, ಕಣಗಳು ಯಾವ ಶಾಸನದಲ್ಲಿಯೂ ಸೇರಲಿಲ್ಲ. ಅಮೃತಪುರದ ದಾನವನ್ನು ಜನ್ನನು ಬರೆದಿಟ್ಟನು. ಭದ್ರಾಕಣಿವೆಯ ತ್ಯಾಗವನ್ನು ಹಾಗೆ ಬರೆದಿಟ್ಟವರಿಲ್ಲ. ವಿದ್ಯಾಸ್ಥಾನವೊಂದು ತನ್ನ ನೆಲದ ಚರಿತ್ರೆಯನ್ನು ತನ್ನ ವಿದ್ಯಾರ್ಥಿಗಳಿಗೆ ತಿಳಿಸುವುದಾದರೆ ಮೊದಲು ತಿಳಿಸಬೇಕಾದುದು ಇದನ್ನು. ಅದಕ್ಕೆ ಬೇಕಾದ ಮುದುಕರು ಮುದುಕಿಯರು ದಿನೇ ದಿನೇ ಕಡಿಮೆಯಾಗುತ್ತಿರುವರು. ಕಟ್ಟಡದ ಜೀರ್ಣತೆಗೆ ಉದ್ಧಾರವುಂಟು, ಮನುಷ್ಯರ ನೆನಪಿನ ಜೀರ್ಣತೆಗೆ ಬರೆದಿಡುವುದೊಂದೇ ಉದ್ಧಾರ.

೭

ಈವರೆಗೆ ವಿಚಾರಿಸಿದುದರಿಂದ ಕೆಲವು ನಿರ್ಣಯಗಳು ಹೊರಡುವುವು.

ಕಟ್ಟಡವು ವಿದ್ಯೆಗೆ ಅಮುಖ್ಯವೆಂಬ ಪಕ್ಷವು ನಿಲ್ಲದು. ಅಮೃತಪುರದ ಗೋಡೆಯು ಪಾಠವನ್ನು ಹೇಳುವುದು. ಸೆಂಟ್ರಲ್ ಕಾಲೇಜಿನ ಗೋಪುರವು ನಾಲ್ಕು ಆಡಳಿತಗಳ ನೆನಪನ್ನು ಒಂದೆಡೆಯಲ್ಲಿ ಹಿಡಿದಿಟ್ಟಿದೆ. ಅಂತಹವನ್ನು ಕೆಡಹಿದರೆ ನಷ್ಟವಾಗುವುದು ಬರಿಯ ಕಲ್ಲುಗಾರೆಗಳಲ್ಲ.

ಹಳೆಯದಾವುದನ್ನೂ ಮುಟ್ಟಲಾಗದೆಂಬ ಪಕ್ಷವೂ ನಿಲ್ಲದು. ಅಗ್ರಹಾರದ ಮನೆಗಳು ಪ್ರತಿ ತಲೆಮಾರಿನಲ್ಲಿಯೂ ಹೊಸದಾಗುತ್ತಿದ್ದುವು. ಜನ್ನನ ತಂದೆಯ ಶಾಲೆಯು ಪಾಳೆಯದೊಡನೆ ನಡೆಯುತ್ತಿತ್ತು. ವಿದ್ಯಾರ್ಥಿಗಳ ಸಂಖ್ಯೆಯೂ ವಿದ್ಯೆಗಳ ಸಂಖ್ಯೆಯೂ ಬೆಳೆದಾಗ ಹೊಸ ಮನೆಯನ್ನು ಕಟ್ಟದಿರುವುದು ಪಾಲನೆಯಲ್ಲ, ಆಲಸ್ಯ.

ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು ಎಂಬುದಕ್ಕೆ ಶಾಸನಗಳೇ ದಾರಿಯನ್ನು ತೋರಿಸುವುವು. ಪ್ರಾಚೀನ ದಾನಿಯು ಕಟ್ಟಡದೊಡನೆ ಮೂರನ್ನು ಬಿಟ್ಟುಹೋದನು: ಅದು ಏತಕ್ಕೆಂಬ ಬರಹ, ಅದು ಕೆಟ್ಟಾಗ ಸರಿಪಡಿಸುವುದಕ್ಕೆ ವೃತ್ತಿ, ಮುಂದಿನವರು ಪಾಲಿಸಬೇಕೆಂಬ ಒಡಂಬಡಿಕೆ. ಆಧುನಿಕ ಕಟ್ಟಡದ ಶಂಕುಸ್ಥಾಪನೆಯ ಕಲ್ಲಿನಲ್ಲಿ ಸಾಮಾನ್ಯವಾಗಿ ಕಾಣುವುದು ದಿನಾಂಕವೂ ಗಣ್ಯರ ಹೆಸರುಗಳೂ ಮಾತ್ರ. ಅದು ಏತಕ್ಕಾಗಿ ಹುಟ್ಟಿತು, ಯಾರ ಭೂಮಿಯಲ್ಲಿ ಹುಟ್ಟಿತು, ಅದರ ದುರಸ್ತಿಗೆ ಏನು ಏರ್ಪಾಡು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಐವತ್ತು ವರ್ಷಗಳ ಮೇಲೆ ಅದನ್ನು ಕೆಡಹುವ ಪ್ರಸ್ತಾಪವು ಬಂದಾಗ ಅದರ ಪರವಾಗಿ ಸಾಕ್ಷಿ ನುಡಿಯುವುದಕ್ಕೆ ಒಂದಕ್ಷರವೂ ಇರದು. ಆಗ ವಾದವೆಲ್ಲ ಕೆಲವರ ಮಮತೆಗೂ ಕೆಲವರ ಅವಸರಕ್ಕೂ ನಡುವಣ ಜಗಳವಾಗಿ ಮುಗಿಯುವುದು.

ಆದುದರಿಂದ, ಯಾವ ವಿಶ್ವವಿದ್ಯಾನಿಲಯವೇ ಆಗಲಿ, ಕಾಲೇಜೇ ಆಗಲಿ, ತನ್ನ ಆವರಣವನ್ನು ಹೊಸದಾಗಿಸುವ ಮೊದಲು ಇರುವ ಪ್ರತಿಯೊಂದು ಕಟ್ಟಡಕ್ಕೂ ಒಂದು ವೃತ್ತಾಂತವನ್ನು ಬರೆಯಿಸಿ, ನಕ್ಷೆಯೊಡನೆ ಗ್ರಂಥಭಂಡಾರದಲ್ಲಿ ಇರಿಸುವುದು ಅವಶ್ಯಕ. ಕೆಡಹಲೇಬೇಕಾದುದನ್ನು ಕೆಡಹಿದರೂ ಆ ವೃತ್ತಾಂತವು ಸಾಲೋಟಗಿಯ ಕಂಬದಂತೆ ಉಳಿಯುವುದು. ಸಾಹಿತ್ಯದ ಅಧ್ಯಾಪಕರು ಈ ಕೆಲಸವನ್ನು ಎಂಜಿನಿಯರುಗಳದೆಂದು ತಳ್ಳಿಬಿಡುವಂತಿಲ್ಲ. ಅಮೃತಪುರದ ಮಂಟಪವನ್ನು ಕಟ್ಟಿದವರು ರೂವಾರಿಗಳು. ಅದನ್ನು ಮುಂದಿನವರಿಗೆ ಹೇಳಿದವನು ಕವಿ. ಇಬ್ಬರಲ್ಲಿ ಒಬ್ಬನು ತನ್ನ ಕೆಲಸವನ್ನು ಬಿಟ್ಟಿದ್ದರೂ ಇಂದು ತರೀಕೆರೆಯ ಸೀಮೆಗೆ ಬರುವ ಸಂಶೋಧಕನಿಗೆ ಅರ್ಧವೇ ದೊರೆಯುತ್ತಿತ್ತು. ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಶಾಲೆ ಕಾಲೇಜುಗಳಿಂದಲೇ ಈ ಬರವಣಿಗೆಯು ಆರಂಭವಾಗಬಹುದು. ಹಾಜರಿಯ ಹಳೆಯ ಪುಸ್ತಕಗಳೂ ದಾನಪತ್ರಗಳೂ ಗೆದ್ದಲಿಗೆ ತುತ್ತಾಗುವ ಮೊದಲೇ ಆರಂಭವಾಗಬೇಕು.